ಎಲೆಯ ಮೇಲ್ತುದಿಯ ಅಡುಗೆ

ಮದುವೆಮನೆಯಲ್ಲಿ ಅನ್ನ ಬರುವ ಮೊದಲೇ ಬಾಳೆಲೆಯ ಮೇಲ್ತುದಿಯಲ್ಲಿ ಕೋಸಂಬರಿ, ಚಟ್ನಿ, ಗೊಜ್ಜು, ಪಲ್ಯ ಸಾಲಾಗಿ ಬಂದು ಕೂರುತ್ತವೆ. ಬಡಿಸುವುದು ಚಮಚದಷ್ಟು. ಸಾರು, ಹುಳಿ, ಪಾಯಸದ ಸಾಲು ಶುರುವಾದರೆ ಅವುಗಳ ಕಡೆ ಯಾರ ಗಮನವೂ ಇರುವುದಿಲ್ಲ. ನನ್ನನ್ನು ಕೇಳಿದರೆ ನಮ್ಮ ಅಡುಗೆಯ ಜಾಣತನ ಇರುವುದೇ ಆ ಮೇಲ್ತುದಿಯಲ್ಲಿ. ಹಸಿ ತರಕಾರಿ, ಸುಟ್ಟ ತರಕಾರಿ, ಒಂದು ಸುತ್ತು ಬಾಡಿಸಿ ರುಬ್ಬಿದ ಸೊಪ್ಪು, ಎಲ್ಲ ಅಲ್ಲಿವೆ. ಹಬ್ಬ ಮುಗಿದ ಮರುದಿನ ಮಾತ್ರ ನಮ್ಮ ತಟ್ಟೆಗೆ ಮತ್ತೆ ಅನ್ನ, ಸಾಂಬಾರು, ಉಪ್ಪಿನಕಾಯಿ.

ನನ್ನ ತವರು ಸಾಗರದ ಹತ್ತಿರದ ಹಳ್ಳಿ, ಅತ್ತೆಮನೆ ಧಾರವಾಡ, ಸಂಸಾರ ಹೂಡಿದ್ದು ಮೈಸೂರಿನಲ್ಲಿ. ಭಾನುವಾರಗಳಂದು ನಮ್ಮ ಅಡುಗೆಮನೆಗೆ ಹೊಸದಾಗಿ ಮನೆ ಮಾಡಿದ ಹುಡುಗ ಹುಡುಗಿಯರು ಅಡುಗೆ ಕಲಿಯಲು ಬರುತ್ತಾರೆ. ಎಲ್ಲರಿಗೂ ಮೊದಲು ಬೇಕಾಗುವುದು ಸಾಂಬಾರು. ನಾನು ಶುರುಮಾಡುವುದು ಕೋಸಂಬರಿಯಿಂದ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 400 ಗ್ರಾಂ ತರಕಾರಿ ಬೇಕೆನ್ನುತ್ತದೆ. ಸಾಂಬಾರಿಗೆ ಇನ್ನೆರಡು ಹೋಳು ಹೆಚ್ಚಿಗೆ ಹಾಕಿದರೆ ಆ ಲೆಕ್ಕ ಮುಟ್ಟುವುದಿಲ್ಲ. ಪ್ರತಿ ಊಟಕ್ಕೆ ಒಂದು ಹಸಿಯದು, ಒಂದು ರುಬ್ಬಿದ್ದು ಸೇರಿದರೆ ಸುಲಭವಾಗಿ ಮುಟ್ಟುತ್ತದೆ. ಈ ಅಡುಗೆಗಳಿಗೆ ಬೇಕಾಗುವ ಸಾಮಾನು ಕಡಿಮೆ, ಕೆಲಸವೂ ಕಡಿಮೆ. ಆದರೆ ಯಾವುದನ್ನು ಯಾವಾಗ ಹಾಕಬೇಕು ಅನ್ನುವುದು ಗೊತ್ತಿರಬೇಕು. ನಾನು ಕಲಿತದ್ದೂ ಕಲಿಸುವುದೂ ಹೆಚ್ಚುಕಡಿಮೆ ಅದನ್ನೇ.

1. ತರಕಾರಿ ನೋಡಿದ ಮೇಲೆ ಅಡುಗೆ ಯೋಚಿಸಿ

ಏನು ಮಾಡಬೇಕೆಂದು ಮನೆಯಲ್ಲೇ ತೀರ್ಮಾನಿಸಿ ಮಾರುಕಟ್ಟೆಗೆ ಹೋದರೆ ಬಾಡಿದ ಬೆಂಡೆಯನ್ನೂ ತಂದುಬಿಡುತ್ತೇವೆ, ಪಟ್ಟಿಯಲ್ಲಿದೆ ಎಂಬ ಕಾರಣಕ್ಕೆ. ಬೇಯಿಸಿ ಮಸಾಲೆ ಹಾಕುವ ಅಡುಗೆಯಲ್ಲಿ ಬಾಡಿದ ತರಕಾರಿ ಹೇಗೋ ತಪ್ಪಿಸಿಕೊಳ್ಳುತ್ತದೆ, ಹಸಿಯಾಗಿ ತಿನ್ನುವಲ್ಲಿ ತಪ್ಪಿಸಿಕೊಳ್ಳಲಾರದು. ಬೆಂಡೆಯ ತುದಿ ಚಟ್ಟೆಂದು ಮುರಿಯಬೇಕು. ಬದನೆಯ ತೊಟ್ಟು ಹಸಿರಾಗಿರಬೇಕು, ಸಿಪ್ಪೆ ಹೊಳೆಯಬೇಕು, ಹೆಬ್ಬೆರಳಲ್ಲಿ ಒತ್ತಿದ ಗುಂಡಿ ತಕ್ಷಣ ಮೇಲೆದ್ದು ಬರಬೇಕು. ಸೌತೆ ತೆಳ್ಳಗೆ, ಗಟ್ಟಿಯಾಗಿ ಇರಲಿ. ಸೊಪ್ಪಿನ ಕಟ್ಟನ್ನು ಬಿಚ್ಚಿ ಮಧ್ಯದ ಎಲೆ ನೋಡಿ, ಮೇಲಿನ ಎಲೆ ನೀರು ಚಿಮುಕಿಸಿಕೊಂಡು ಚೆನ್ನಾಗಿಯೇ ಕಾಣುತ್ತಿರುತ್ತದೆ.

ಋತು ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ. ಡಿಸೆಂಬರ್–ಜನವರಿಯಲ್ಲಿ ಸೊಗಡಿನ ಅವರೆ, ಮೆಂತ್ಯ, ಗಜ್ಜರಿ. ಬೇಸಿಗೆಗೆ ಸೌತೆ, ಮಾವಿನಕಾಯಿ. ಮೊದಲ ಮಳೆ ಬಿದ್ದ ಮೇಲೆ ಒಂದೆಲಗ, ಹೊನಗೊನೆ, ಗಣಿಕೆ, ಅಣ್ಣೆ ಸೊಪ್ಪು. ಮಂಡ್ಯ, ಕೋಲಾರದ ಕಡೆಯವರ ಬೆರಕೆ ಸೊಪ್ಪಿನ ಸಾರಿಗೆ ಇಂಥದ್ದೇ ಸೊಪ್ಪು ಎಂಬ ಪಟ್ಟಿಯೇ ಇಲ್ಲ. ಆ ದಿನ ಹೊಲದ ಬದುವಿನಲ್ಲಿ ಸಿಕ್ಕಿದ್ದು ಒಟ್ಟಿಗೆ ಬೇಯುತ್ತದೆ.

2. ಸೋರೆ, ಹೀರೆ, ಸೌತೆಯ ಚೂರನ್ನು ಮೊದಲು ನಾಲಿಗೆಗೆ ತಾಗಿಸಿ

ತುದಿಯಿಂದ ಒಂದು ಸಣ್ಣ ಚೂರು ಸಾಕು. ಕಹಿಯಾಗಿದ್ದರೆ ಉಗುಳಿ, ಇಡೀ ಕಾಯಿಯನ್ನು ಎಸೆಯಿರಿ. ಈ ಜಾತಿಯ ಕಾಯಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ವಿಷವಸ್ತು ಹೆಚ್ಚಾದಾಗ ಕಹಿ ಬರುತ್ತದೆ. ಬೇಯಿಸಿದರೂ ಹೋಗುವುದಿಲ್ಲ. ಕಹಿ ಸೋರೆಕಾಯಿಯ ರಸ ಕುಡಿದು ವಾಂತಿ ಭೇದಿಯಾಗಿ ಆಸ್ಪತ್ರೆ ಸೇರಿದವರಿದ್ದಾರೆ, ಜೀವ ಕಳೆದುಕೊಂಡವರೂ ಇದ್ದಾರೆ. ದುಡ್ಡು ಕೊಟ್ಟು ತಂದದ್ದು ಎಂಬ ಮರುಕ ಇಲ್ಲಿ ಬೇಡ. ಹಾಗಲಕಾಯಿಯ ಕಹಿ ಬೇರೆ, ಅದಕ್ಕೆ ಈ ಮಾತು ಅನ್ವಯಿಸುವುದಿಲ್ಲ.

3. ಉಪ್ಪು ಕೊನೆಗೆ

ಇಡೀ ಪಾಠಗಳಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುತ್ತೇವೆ ಅನ್ನುವವರು ಇದನ್ನು ಇಟ್ಟುಕೊಳ್ಳಿ. ಸೌತೆಕಾಯಿಯಲ್ಲಿ ನೂರಕ್ಕೆ 95 ಪಾಲು ನೀರು. ಉಪ್ಪು ತಾಗಿದ ಕೂಡಲೇ ಆ ನೀರು ಹೊರಗೆ ಬರಲು ಶುರು. ಹತ್ತು ನಿಮಿಷ ಬಿಟ್ಟರೆ ಪಾತ್ರೆಯ ತಳದಲ್ಲಿ ನೀರು, ಮೇಲೆ ಮೆತ್ತಗಾದ ಹೋಳು.

ಕೋಸಂಬರಿಗೆ ಹೆಸರುಬೇಳೆಯನ್ನು ಒಂದು ಗಂಟೆ ನೆನೆಹಾಕುತ್ತೇನೆ. ಒಂದು ಬೇಳೆ ತೆಗೆದು ಉಗುರಿನಿಂದ ಒತ್ತಿದರೆ ಎರಡಾಗಬೇಕು, ಹಿಟ್ಟಾಗಬಾರದು. ಆ ಹದ ಬಂದ ಕೂಡಲೇ ನೀರು ಬಸಿದು ಬೇಳೆಯನ್ನು ಒಣಬಟ್ಟೆಯ ಮೇಲೆ ಹರವಬೇಕು. ಈ ಬಟ್ಟೆಯ ಕೆಲಸವನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಕೋಸಂಬರಿ ನೀರಾಗುವುದಕ್ಕೆ ಅರ್ಧ ಕಾರಣ ಅದೇ. ಎಳೆ ಸೌತೆಯನ್ನು ತುರಿಯದೆ ಸಣ್ಣಗೆ ಕೊಚ್ಚಿ. ತುರಿದರೆ ಆಗಲೇ ನೀರು ಬಿಟ್ಟುಕೊಳ್ಳುತ್ತದೆ. ಬೇಳೆ, ಸೌತೆ, ತೆಂಗಿನತುರಿ, ಹಸಿಮೆಣಸು, ಕೊತ್ತಂಬರಿ ಸೊಪ್ಪು ಬೆರೆಸಿ, ಒಗ್ಗರಣೆ ತಣಿಸಿ ಹಾಕಿ ಇಟ್ಟುಬಿಡಿ. ಉಪ್ಪು ಮತ್ತು ನಿಂಬೆರಸ ಎಲ್ಲರೂ ಊಟಕ್ಕೆ ಕೂತ ಮೇಲೆ. ರಾಮನವಮಿಯ ದಿನ ಪಾನಕ, ನೀರುಮಜ್ಜಿಗೆ ಜೊತೆ ದೊನ್ನೆಯಲ್ಲಿ ಹಂಚುವ ಕೋಸಂಬರಿಯೂ, ಮಾಡುವವರು ಬಲ್ಲವರಾಗಿದ್ದರೆ, ಹಂಚುವ ಹೊತ್ತಿಗೇ ಉಪ್ಪು ಕಾಣುತ್ತದೆ.

ಧಾರವಾಡದ ಮನೆಯಲ್ಲಿ ಮೆಂತ್ಯ ಸೊಪ್ಪಿನ ಪಚಡಿಗೂ ಇದೇ ಕಟ್ಟಳೆ. ಎಳೆ ಮೆಂತ್ಯದ ಎಲೆ ಬಿಡಿಸಿ ಸಣ್ಣಗೆ ಹೆಚ್ಚಿ, ಉಳ್ಳಾಗಡ್ಡಿ, ಗಜ್ಜರಿ, ಒಂದು ಹಿಡಿ ಶೇಂಗಾ ಪುಡಿ, ಮೇಲೆ ಇಂಗಿನ ಒಗ್ಗರಣೆ. ನಮ್ಮ ಅತ್ತೆ ಉಪ್ಪಿನ ಡಬ್ಬಿಯನ್ನು ಮಾತ್ರ ಊಟದ ಜಾಗಕ್ಕೇ ತಂದಿಟ್ಟುಕೊಳ್ಳುತ್ತಿದ್ದರು. “ತಾಟು ಹಾಕಿದ ಮ್ಯಾಲ ಉಪ್ಪು ಹಾಕವಾ. ಮೊದ್ಲ ಹಾಕಿದ್ರ ಪಚಡಿ ಹೋಗಿ ಸಾರ ಆಗ್ತದ” ಅನ್ನುತ್ತಿದ್ದರು. ಹಸಿ ಮೆಂತ್ಯದ ಕಹಿಯನ್ನು ಶೇಂಗಾದ ಜಿಡ್ಡು ಎಷ್ಟು ಚೆನ್ನಾಗಿ ಹಿಡಿದಿಡುತ್ತದೆ ಎನ್ನುವುದು ತಿಂದವರಿಗೇ ಗೊತ್ತು.

4. ಮಜ್ಜಿಗೆ ಬೆರೆಸಿದ ಮೇಲೆ ತಂಬುಳಿ ಒಲೆ ಕಾಣಬಾರದು

ತವರಿನಲ್ಲಿ ತಂಬುಳಿ ಇಲ್ಲದ ಮಧ್ಯಾಹ್ನವೇ ಇರಲಿಲ್ಲ. ಮೊದಲ ತುತ್ತು ಅನ್ನಕ್ಕೆ ತಂಬುಳಿ, ಉಳಿದದ್ದು ಆಮೇಲೆ. ಹಿತ್ತಿಲಿಗೆ ಹೋಗಿ ಒಂದು ಹಿಡಿ ಎಲೆ ಕಿತ್ತುಕೊಂಡು ಬಂದರೆ ಕಾಲು ಗಂಟೆಯಲ್ಲಿ ತಂಬುಳಿ ತಯಾರು. ಇಷ್ಟು ಬೇಗ ಆಗುವ, ಇಷ್ಟು ಹಗುರವಾದ ಅಡುಗೆ ಊರು ಬಿಟ್ಟವರ ಮನೆಗಳಿಂದ ಮೊದಲು ಮಾಯವಾದದ್ದು ನನಗೆ ನಿಜಕ್ಕೂ ಬೇಸರದ ಸಂಗತಿ.

ನಾಲ್ಕು ಜನಕ್ಕೆ ಅಳತೆ ಹೀಗೆ: ಒಂದು ಹಿಡಿ ಸೊಪ್ಪು, ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು, ಒಂದು ಚಮಚ ತುಪ್ಪ, ಅರ್ಧ ಬಟ್ಟಲು ತೆಂಗಿನತುರಿ, ಎರಡು ಬಟ್ಟಲು ಹುಳಿಯಿಲ್ಲದ ಕಡೆದ ಮಜ್ಜಿಗೆ. ತುಪ್ಪದಲ್ಲಿ ಜೀರಿಗೆ, ಮೆಣಸು ಸಿಡಿಸಿ ಸೊಪ್ಪು ಹಾಕಿ ಬಾಡಿಸಬೇಕು. ತಣಿದ ಮೇಲೆ ಕಾಯಿಯೊಂದಿಗೆ ನುಣ್ಣಗೆ ರುಬ್ಬಿ, ಮಜ್ಜಿಗೆ, ಉಪ್ಪು ಸೇರಿಸಬೇಕು. ಬೇಕಾದವರು ತುಪ್ಪದಲ್ಲಿ ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಡಬಹುದು. ಕುದಿಸಿದರೆ ಮಜ್ಜಿಗೆ ಒಡೆಯುತ್ತದೆ, ಸೊಪ್ಪಿನ ಪರಿಮಳವೂ ಹಾರಿಹೋಗುತ್ತದೆ. ಬಿಸಿ ಬೇಕೆನಿಸಿದರೆ ಅನ್ನ ಬಿಸಿಯಿರಲಿ.

ಎಲ್ಲ ಸೊಪ್ಪನ್ನೂ ಬಾಡಿಸಬೇಕಿಲ್ಲ. ಒಂದೆಲಗವನ್ನು ಹಸಿಯಾಗಿಯೇ ರುಬ್ಬುತ್ತೇವೆ, ಅದರ ಹಸಿರು ರುಚಿ ಹಾಗೆಯೇ ಚೆನ್ನ. ದೊಡ್ಡಪತ್ರೆಗೆ ಘಾಟು ಹೆಚ್ಚು, ಎಲೆ ದಪ್ಪ. ಅದನ್ನು ತುಪ್ಪದಲ್ಲಿ ಪೂರ್ತಿ ಮೆತ್ತಗಾಗುವವರೆಗೆ ಹುರಿಯದಿದ್ದರೆ ಬಾಯಿ ಚುರುಗುಟ್ಟುತ್ತದೆ. ಪೇರಲೆಯ ಕೆಂಪು ಚಿಗುರು, ದಾಳಿಂಬೆಯ ಒಣಸಿಪ್ಪೆ ಒಗರು. ಅವು ಸ್ವಲ್ಪವೇ ಸಾಕು, ಕಾಯಿ ಒಂದಿಷ್ಟು ಮುಂದಿರಲಿ. ಸೊಪ್ಪೇ ಸಿಗದ ದಿನ ಒಂದು ಚಮಚ ಮೆಂತ್ಯ ಕೆಂಪಗೆ ಹುರಿದು ಮಾಡಿದರೂ ತಂಬುಳಿಯೇ. ಒಂದೆಲಗಕ್ಕೂ ದೊಡ್ಡಪತ್ರೆಗೂ ಅರ್ಧ ನೆರಳಿನ ಒಂದು ಕುಂಡ ಸಾಕು, ಬಾಲ್ಕನಿಯಲ್ಲಿ ಬೆಳೆದುಕೊಳ್ಳುತ್ತವೆ. ದಾರಿ ಬದಿಯ ಗಿಡದ ಎಲೆಯನ್ನು ಮಾತ್ರ ಬಲ್ಲವರು ಗುರುತಿಸಿ ಹೇಳದೆ ಅಡುಗೆಗೆ ತರಬೇಡಿ. ಚರಂಡಿ ಬದಿಯ ಒಂದೆಲಗವಂತೂ ಬೇಡವೇ ಬೇಡ.

5. ಮಿಕ್ಸಿ ಬಿಸಿಯಾಗಬಾರದು

ಒರಳುಕಲ್ಲಿನಲ್ಲಿ ರುಬ್ಬಿದ ಚಟ್ನಿ ಏಕೆ ರುಚಿ ಎಂದು ಕೇಳುವವರಿಗೆ ನನ್ನ ಉತ್ತರ: ಕಲ್ಲು ತಣ್ಣಗಿರುತ್ತದೆ, ನಿಧಾನವಾಗಿ ತಿರುಗುತ್ತದೆ. ಮಿಕ್ಸಿಯನ್ನು ಒಂದೇ ಸಮನೆ ಓಡಿಸಿದರೆ ಜಾರು ಕೈಗೆ ಬೆಚ್ಚಗಾಗುತ್ತದೆ. ಆ ಬಿಸಿಗೆ ಸೊಪ್ಪು ಕಂದುತ್ತದೆ, ಕಾಯಿಯ ಜಿಡ್ಡು ಬಿಡುತ್ತದೆ. ಬಿಟ್ಟು ಬಿಟ್ಟು ತಿರುಗಿಸಿ, ತಣ್ಣೀರು ಚಮಚ ಚಮಚವಾಗಿ ಹಾಕಿ. ಮೊದಲು ಹುರಿದ ಬೇಳೆ, ಮೆಣಸು, ಉಪ್ಪು. ಅವು ಪುಡಿಯಾದ ಮೇಲೆ ಕಾಯಿ. ಸೊಪ್ಪು ಕಡೆಗೆ, ಎರಡೇ ಸುತ್ತು.

ಸಾಸಿವೆ ಎಂದೇ ಕರೆಯುವ ಪದಾರ್ಥಕ್ಕೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಸೌತೆಕಾಯಿ ಸಾಸಿವೆ, ಮಾವಿನಹಣ್ಣಿನ ಸಾಸಿವೆ ಮಾಡುವಾಗ ಕಾಯಿಯ ಜೊತೆ ಅರ್ಧ ಚಮಚ ಹಸಿ ಸಾಸಿವೆ ಹಾಕಿ ರುಬ್ಬುತ್ತೇವೆ. ಸಾಸಿವೆಕಾಳು ಒಡೆದು ನೀರು ತಾಗಿದಾಗ ಅದರೊಳಗಿನ ಕಿಣ್ವ ಎಚ್ಚೆತ್ತು ಆ ಮೂಗಿಗೇರುವ ಖಾರವನ್ನು ಹುಟ್ಟಿಸುತ್ತದೆ. ಎಣ್ಣೆಯಲ್ಲಿ ಸಿಡಿಸಿದ ಸಾಸಿವೆಗೆ ಆ ಖಾರ ಇಲ್ಲದಿರುವುದು ಬಿಸಿಗೆ ಕಿಣ್ವ ಸತ್ತುಹೋಗುವುದರಿಂದ. ಸಾಸಿವೆಯನ್ನು ರುಬ್ಬುವ ಕೊನೆಯಲ್ಲಿ ಹಾಕಿ, ಹೆಚ್ಚು ಹೊತ್ತು ರುಬ್ಬಿದರೆ ಕಹಿಯಾಗುತ್ತದೆ. ರುಬ್ಬಿದ್ದನ್ನು ಐದು ನಿಮಿಷ ಬಿಟ್ಟು ಮೊಸರು ಸೇರಿಸಿದರೆ ಘಾಟು ಹದವಾಗಿ ನಿಲ್ಲುತ್ತದೆ.

6. ಬದನೆಯನ್ನು ಸುಡುವುದಾದರೆ ಪೂರ್ತಿ ಸುಡಿ

ಬದನೆಕಾಯಿಯ ಮೇಲೆ ಕನ್ನಡಿಗರಿಗೆ ಇರುವ ಮೋಹ ಇಂದಿನದಲ್ಲ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ದಲ್ಲಿ ಬದನೆಯ ಅಡುಗೆಗೆಂದೇ ಒಂದು ಅಧ್ಯಾಯವಿದೆ. ಉಡುಪಿ ಬಳಿಯ ಮಟ್ಟು ಊರಿನ ಗುಂಡನೆಯ ತಿಳಿಹಸಿರು ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದರ ಬೀಜವನ್ನು ವಾದಿರಾಜ ಸ್ವಾಮಿಗಳೇ ಊರವರಿಗೆ ಕೊಟ್ಟದ್ದೆಂದು ಅಲ್ಲಿನವರು ಹೇಳುತ್ತಾರೆ. ಮೈಸೂರಿನಲ್ಲಿ ಈರನಗೆರೆ ಬದನೆ, ಉತ್ತರ ಕರ್ನಾಟಕದಲ್ಲಿ ಎಣ್ಣೆಗಾಯಿಗೆ ಬೇಕಾಗುವ ಮುಳ್ಳು ಬದನೆ. ಒಂದೊಂದು ಊರಿಗೆ ಒಂದೊಂದು.

ಸುಡುವುದಕ್ಕೆ ದೊಡ್ಡ ಕಾಯಿ ಬೇಕು. ತೊಳೆದು, ಒರೆಸಿ, ನಾಲ್ಕೈದು ಕಡೆ ಚಾಕುವಿನಿಂದ ಚುಚ್ಚಿ. ಚುಚ್ಚದಿದ್ದರೆ ಒಳಗಿನ ಆವಿಗೆ ಸಿಡಿಯಬಹುದು. ಮೈಗೆ ಎಣ್ಣೆ ಸವರಿ ಮಧ್ಯಮ ಉರಿಯ ಮೇಲೆ ನೇರವಾಗಿ ಇಡಿ. ಇದ್ದಿಲ ಕೆಂಡ ಸಿಕ್ಕಿದವರು ಪುಣ್ಯವಂತರು. ಸಿಪ್ಪೆ ಕಪ್ಪಾಯಿತೆಂದು ತೆಗೆಯಬಾರದು, ಕಪ್ಪಾಗುವುದು ಮೊದಲ ಐದು ನಿಮಿಷದಲ್ಲೇ ಆಗುತ್ತದೆ. ತೊಟ್ಟಿನ ಬುಡದಲ್ಲಿ ಚಾಕು ತೂರಿಸಿ ನೋಡಬೇಕು. ಅಲ್ಲಿ ಒಂದಿಷ್ಟೂ ತಡೆಯದೆ ಒಳಗೆ ಹೋದರೆ ಬೆಂದಿದೆ. ಕಾಯಿ ಕುಸಿದು, ಮೈ ಸುಕ್ಕಾಗಿ, ಚುಚ್ಚಿದ ಜಾಗದಿಂದ ರಸ ಗುಳುಗುಳು ಎಂದು ಬರುತ್ತಿರುತ್ತದೆ. ತೆಗೆದು ಪಾತ್ರೆಗೆ ಹಾಕಿ ತಟ್ಟೆ ಮುಚ್ಚಿ. ಹತ್ತು ನಿಮಿಷದಲ್ಲಿ ತನ್ನ ಆವಿಗೆ ತಾನೇ ಸಿಪ್ಪೆ ಬಿಟ್ಟುಕೊಳ್ಳುತ್ತದೆ. ಬೆರಳು ಒದ್ದೆ ಮಾಡಿಕೊಂಡು ಸುಲಿಯಿರಿ. ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಹೊಗೆಯ ರುಚಿಯೆಲ್ಲ ನೀರಿನೊಂದಿಗೆ ಹೋಯಿತು. ಅಲ್ಲಲ್ಲಿ ಕಪ್ಪು ಚೂರು ಉಳಿದರೆ ಉಳಿಯಲಿ.

ಮಿಕ್ಸಿಗೆ ಹಾಕಬೇಡಿ, ಬೀಜ ಅರೆದು ಅಂಟಂಟಾಗುತ್ತದೆ. ಕೈಯಲ್ಲಿ ಕಿವುಚಿದರೆ ಎಳೆ ಎಳೆಯಾಗಿ ಬರುತ್ತದೆ. ಇಲ್ಲಿಂದ ಮುಂದೆ ಹಾದಿ ಹಲವು. ತವರಿನಲ್ಲಿ ಹುಣಸೆರಸ, ಬೆಲ್ಲದ ಚೂರು, ಉಪ್ಪಿನೊಂದಿಗೆ ನುರಿದ ಸೂಜಿಮೆಣಸು, ಕೊಬ್ಬರಿ ಎಣ್ಣೆಯ ಒಗ್ಗರಣೆ, ಅದು ಗೊಜ್ಜು. ಧಾರವಾಡದಲ್ಲಿ ಹಸಿ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಶೇಂಗಾ ಪುಡಿ. ಗಟ್ಟಿ ಮೊಸರು ಬೆರೆಸಿದರೆ ಮೊಸರುಬಜ್ಜಿ. ಲೆಬನಾನ್, ಸಿರಿಯಾ ಕಡೆಯವರು ಇದೇ ಸುಟ್ಟ ಬದನೆಗೆ ಎಳ್ಳು ಅರೆದ ತಹಿನಿ, ನಿಂಬೆರಸ, ಬೆಳ್ಳುಳ್ಳಿ ಸೇರಿಸಿ ರೊಟ್ಟಿಗೆ ಅದ್ದಿಕೊಂಡು ತಿನ್ನುತ್ತಾರೆ. ನಮ್ಮ ಗುರೆಳ್ಳು ಪುಡಿ ಒಂದು ಚಮಚ ಹಾಕಿ ನೋಡಿ, ಜೋಳದ ರೊಟ್ಟಿಗೆ ಅದಕ್ಕಿಂತ ಒಳ್ಳೆಯ ಜೊತೆ ನನಗೆ ಗೊತ್ತಿಲ್ಲ.

7. ಸಿಪ್ಪೆ, ತಿರುಳು, ದಂಟಿನ ಮೇಲೊಂದು ಕಣ್ಣಿರಲಿ

ಹೀರೆಕಾಯಿ ತಂದ ದಿನ ನಮ್ಮ ಮನೆಯಲ್ಲಿ ಎರಡು ಪದಾರ್ಥ. ಹೋಳು ಪಲ್ಯಕ್ಕೆ, ಏಣು ಹೆರೆದ ಸಿಪ್ಪೆ ಚಟ್ನಿಗೆ. ಸಿಪ್ಪೆಯನ್ನು ಎಣ್ಣೆಯಲ್ಲಿ ಗರಿಗರಿಯ ಅಂಚಿಗೆ ಬರುವವರೆಗೆ ಹುರಿದು, ಉದ್ದಿನಬೇಳೆ, ಒಣಮೆಣಸು, ಹುಣಸೆ, ಕಾಯಿ ಸೇರಿಸಿ ತರಿತರಿಯಾಗಿ ರುಬ್ಬಬೇಕು. ಮಂಗಳೂರು ಸೌತೆಯ ತಿರುಳು, ಎಲೆಕೋಸಿನ ಗಟ್ಟಿ ಹೊರ ಎಲೆ, ಹೂಕೋಸಿನ ದಂಟು, ಮೂಲಂಗಿಯ ಸೊಪ್ಪು ಎಲ್ಲವೂ ಚಟ್ನಿಗೆ ಒಗ್ಗುತ್ತವೆ. ಕೊತ್ತಂಬರಿಯ ದಂಟಿನಲ್ಲಿ ಎಲೆಗಿಂತ ಹೆಚ್ಚು ಪರಿಮಳ. ಮೇಲೆ ಮೇಣ ಬಳಿದು ಹೊಳೆಯುವ ಕಾಯಿಯ ಸಿಪ್ಪೆಯನ್ನು ಮಾತ್ರ ಬಳಸಬೇಡಿ. ಸಿಪ್ಪೆ ತಿನ್ನುವ ಉದ್ದೇಶವಿದ್ದರೆ ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆಯಿರಿ, ನೀರಿನಲ್ಲಿ ಮುಳುಗಿಸಿ ತೆಗೆದರೆ ಸಾಲದು.

8. ಸೊಪ್ಪಿಗೆ ಮುಚ್ಚಳ ಬೇಡ, ಹುಳಿ ಆಮೇಲೆ

ಸೊಪ್ಪಿನ ಹಸಿರು ಹುಳಿಗೆ ಅಂಜುತ್ತದೆ. ಹುಳಿ ಸೇರಿ ಬೆಂದರೆ ಎಲೆಯ ಹಸಿರು ಮಾಸಲು ಕಂದಾಗುತ್ತದೆ. ಬೇಯುವ ಸೊಪ್ಪಿನಿಂದಲೇ ಒಂದಿಷ್ಟು ಹುಳಿ ಆವಿಯಾಗಿ ಹೊರಡುತ್ತದೆ, ಮುಚ್ಚಳ ಹಾಕಿದರೆ ಅದು ಮರಳಿ ಪಾತ್ರೆಗೇ ಬೀಳುತ್ತದೆ. ಅಗಲ ಬಾಣಲೆ, ದೊಡ್ಡ ಉರಿ, ತೆರೆದ ಬಾಯಿ, ನಾಲ್ಕೈದು ನಿಮಿಷ. ಇಳಿಸಿದ ಮೇಲೆ ನಿಂಬೆರಸ ಹಿಂಡಿದರೆ ಬಣ್ಣ ಉಳಿಯುತ್ತದೆ, ನಿಂಬೆಯ ಸಿ ಜೀವಸತ್ವವೂ ಉಳಿದು ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತದೆ. ಮೇಲೆ ಉದುರಿಸುವ ತೆಂಗಿನತುರಿಯೂ ಬರಿಯ ಅಲಂಕಾರಕ್ಕಲ್ಲ. ಸೊಪ್ಪು, ಗಜ್ಜರಿಗಳಲ್ಲಿರುವ ಕೆರೋಟಿನ್ ಜಿಡ್ಡಿನ ಜೊತೆಗಿದ್ದರೆ ಮೈ ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ.

ನೀರಿನಲ್ಲಿ ಬೇಯಿಸಲೇಬೇಕಾದರೆ ಆ ನೀರನ್ನು ಚೆಲ್ಲಬೇಡಿ. ಬಸ್ಸಾರು ಮಾಡುವವರಿಗೆ ಇದನ್ನು ಹೇಳಬೇಕಾಗಿಲ್ಲ. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟು ಸಾರಿಗೆ, ಉಳಿದದ್ದು ಪಲ್ಯಕ್ಕೆ. ಒಂದು ಹನಿ ಹೊರಗೆ ಹೋಗುವುದಿಲ್ಲ.

9. ಹಸಿಯದನ್ನು ಊಟದ ಪಕ್ಕದಲ್ಲಿ ಇಡಬೇಡಿ, ಊಟದೊಳಗೆ ಸೇರಿಸಿ

ಹಳೆ ಮೈಸೂರಿನ ಮನೆಗಳಲ್ಲಿ ಹಸಿ ತರಕಾರಿ ಎಂದರೆ ತಟ್ಟೆಯ ಅಂಚಿಗೆ ನಾಲ್ಕು ಸೌತೆಯ ಬಿಲ್ಲೆ. ಧಾರವಾಡ, ಬಾಗಲಕೋಟೆ, ವಿಜಯಪುರದ ಕಡೆ ರೊಟ್ಟಿ ಊಟಕ್ಕೆ ಕೂತು ನೋಡಬೇಕು. ಹಕ್ಕರಕಿ, ಮೆಂತ್ಯ, ಸವತಿಕಾಯಿ, ಗಜ್ಜರಿ, ಮೂಲಂಗಿ, ಉಳ್ಳಾಗಡ್ಡಿ ರಾಶಿಯಾಗಿ ಬರುತ್ತವೆ. ರೊಟ್ಟಿಯ ಚೂರು, ಎಣ್ಣಿಗಾಯಿ ಪಲ್ಯ, ಮೇಲೊಂದು ಎಲೆ ಹಕ್ಕರಕಿ, ಎಲ್ಲ ಒಂದೇ ತುತ್ತಿನಲ್ಲಿ ಹೋಗುತ್ತದೆ. ಖಾರದ ಪಲ್ಯಕ್ಕೆ ಹಸಿಯೆಲೆಯ ತಂಪು ಬೇಕು, ಎಲೆಯ ಕಹಿಗೆ ಆ ಖಾರ ಬೇಕು. ತಿನ್ನಲೇಬೇಕು ಎಂದು ಯಾರೂ ಹೇಳದೆ ಒಬ್ಬೊಬ್ಬರೂ ಬಟ್ಟಲು ತುಂಬ ಹಸಿ ಸೊಪ್ಪು ತಿಂದು ಏಳುತ್ತಾರೆ.

ಅದ್ದಿಕೊಳ್ಳಲು ಅಲ್ಲಿ ಚಟ್ನಿಪುಡಿಗಳಿವೆ. ಶೇಂಗಾ, ಗುರೆಳ್ಳು, ಅಗಸಿ. ಎರಡು ಚಮಚ ಪುಡಿಗೆ ಅರ್ಧ ಬಟ್ಟಲು ಗಟ್ಟಿ ಮೊಸರು ಕಲಸಿದರೆ ಗಜ್ಜರಿ, ಸೌತೆ ಹೋಳುಗಳನ್ನು ಅದ್ದಿ ತಿನ್ನಲು ಅದಕ್ಕಿಂತ ಬೇರೆ ಬೇಡ. ಖಾರ ಹೆಚ್ಚಾದರೆ ನೀರು ಕುಡಿದು ಪ್ರಯೋಜನವಿಲ್ಲ, ಮೆಣಸಿನ ಖಾರ ನೀರಿನಲ್ಲಿ ಕರಗುವುದಿಲ್ಲ. ಮೊಸರೇ ಮದ್ದು.

ಕಲಬುರಗಿ, ಬೀದರ್ ಕಡೆಯ ಎಳ್ಳ ಅಮಾವಾಸ್ಯೆಯ ಭಜ್ಜಿ ಪಲ್ಯವನ್ನು ಇಲ್ಲಿ ಹೇಳದೆ ಬಿಡಲಾರೆ. ಆ ಹೊತ್ತಿಗೆ ಹೊಲದಲ್ಲಿ ಏನೇನು ಹಸಿರಾಗಿದೆಯೋ ಅದೆಲ್ಲ ಅದರಲ್ಲಿ ಸೇರುತ್ತದೆ: ಹಸಿ ತೊಗರಿಕಾಳು, ಅವರೆ, ಬಟಾಣಿ, ಹಸಿ ಕಡಲೆ, ಮೆಂತ್ಯ, ಪಾಲಕ್, ಉಳ್ಳಾಗಡ್ಡಿ ಸೊಪ್ಪು, ಬದನೆ, ಗಜ್ಜರಿ. ಕಡಲೆಹಿಟ್ಟು ಕಲಸಿ ಹಾಕಿ ಮಂದಗೊಳಿಸುತ್ತಾರೆ. ಹೊಲದಲ್ಲಿ ಚರಗ ಚೆಲ್ಲಿ, ಅಲ್ಲಿಯೇ ಕೂತು ಸಜ್ಜಿ ರೊಟ್ಟಿ, ಕಡುಬಿನ ಜೊತೆ ತಿನ್ನುವ ಊಟ. ಒಂದೇ ಪಾತ್ರೆಯಲ್ಲಿ ಇಷ್ಟು ಬಗೆಯ ತರಕಾರಿ ಹಿಡಿಸುವ ಅಡುಗೆ ನಮ್ಮಲ್ಲಿ ಇನ್ನೊಂದಿಲ್ಲವೆಂದೇ ನನ್ನ ನಂಬಿಕೆ. ವರ್ಷಕ್ಕೊಂದು ದಿನಕ್ಕೆ ಅದನ್ನು ಕಟ್ಟಿಹಾಕಬೇಕಾಗಿಲ್ಲ. ಚಳಿಗಾಲ ಪೂರ್ತಿ ಮಾಡಬಹುದು.

10. ಹುಳಿ ಎಂದರೆ ಹುಣಸೆ ಒಂದೇ ಅಲ್ಲ

ತರಕಾರಿಗೆ ತಕ್ಕ ಹುಳಿ ಹುಡುಕುವುದು ನನಗೆ ಅಡುಗೆಯಲ್ಲಿ ಬಹಳ ಇಷ್ಟವಾದ ಕೆಲಸ. ಹಾಗಲ, ಬೆಂಡೆಯ ಗೊಜ್ಜಿಗೆ ಹುಣಸೆ ಮತ್ತು ಬೆಲ್ಲ. ಸೊಪ್ಪಿಗೆ ನಿಂಬೆ ಅಥವಾ ಮಜ್ಜಿಗೆ. ಬೀಟ್‌ರೂಟಿನ ಮಣ್ಣುವಾಸನೆಗೆ ಗಟ್ಟಿ ಮೊಸರು. ಬೇಸಿಗೆಯ ಕೋಸಂಬರಿಗೆ ತೋತಾಪುರಿ ಮಾವಿನಕಾಯಿಯ ತುರಿ, ನಿಂಬೆಯೇ ಬೇಡ. ಅಮಟೆಕಾಯಿ, ಬಿಂಬುಳಿ ಸಿಗುವ ಊರಿನಲ್ಲಿದ್ದರೆ ಜಜ್ಜಿ ಹಸಿ ಗೊಜ್ಜು ಮಾಡಿ. ಪುಂಡಿ ಸೊಪ್ಪಿಗೆ ಬೇರೆ ಹುಳಿ ಹಾಕುವಂತೆಯೇ ಇಲ್ಲ, ಅದೇ ಹುಳಿ. ಜೋಳದ ನುಚ್ಚು ಸೇರಿಸಿ ಆ ಹುಳಿಯನ್ನು ತಗ್ಗಿಸಬೇಕು. ನಿಂಬೆರಸವನ್ನು ಯಾವತ್ತೂ ಉರಿಯ ಮೇಲೆ ಹಾಕಬೇಡಿ, ಕಹಿಯಾಗುತ್ತದೆ.

11. ಊರು ಬಿಟ್ಟವರಿಗೆ

ನಮ್ಮಲ್ಲಿ ಕಲಿತ ಮಕ್ಕಳು ಜರ್ಮನಿ, ಅಮೆರಿಕಕ್ಕೆ ಹೋದ ಮೇಲೆ ದೊಡ್ಡಪತ್ರೆ ಎಲ್ಲಿ ಸಿಗುತ್ತದೆ ಆಂಟೀ ಎಂದು ಕೇಳುತ್ತಾರೆ. ಸಿಗದಿದ್ದರೆ ಬೇಡ. ಎಳೆ ಪಾಲಕ್, ಮೂಲಂಗಿ ಸೊಪ್ಪು, ಕೊತ್ತಂಬರಿ ದಂಟು, ಯಾವುದರಿಂದಲೂ ತಂಬುಳಿ ಆಗುತ್ತದೆ. ಜೀರಿಗೆ, ಕಾಳುಮೆಣಸು, ತುಪ್ಪ ಇದ್ದರೆ ಸಾಕು. ಹೆಪ್ಪುಗಟ್ಟಿಸಿದ ತೆಂಗಿನತುರಿಯನ್ನು ಪೂರ್ತಿ ಕರಗಿಸಿ, ಉಗುರುಬೆಚ್ಚನೆಯ ನೀರು ಚಿಮುಕಿಸಿ ರುಬ್ಬಿ. ಅಲ್ಲಿನ ಗಟ್ಟಿ ಮೊಸರನ್ನು ನೀರು ಬೆರೆಸದೆ ಹಾಕಿದರೆ ಅದೇ ತಂಬುಳಿ ಬ್ರೆಡ್ಡಿಗೆ ಅದ್ದಿ ತಿನ್ನುವಷ್ಟು ಮಂದವಾಗುತ್ತದೆ.

12. ಸ್ವಲ್ಪವೇ ಮಾಡಿ, ಆ ಹೊತ್ತಿಗೇ ಮುಗಿಸಿ

ಇವೆಲ್ಲ ಉಳಿಸುವ ಅಡುಗೆಗಳಲ್ಲ. ಕಾಯಿ, ಮೊಸರು, ಹಸಿ ತರಕಾರಿ ಮೂರೂ ಮಧ್ಯಾಹ್ನದಿಂದ ರಾತ್ರಿಗೆ ಬದಲಾಗಿಬಿಡುತ್ತವೆ. ಮೊದಲೇ ಮಾಡಿಟ್ಟುಕೊಳ್ಳಬಹುದಾದದ್ದು ಬೇರೆ ಇದೆ. ಸೊಪ್ಪು ಬಿಡಿಸಿ, ತೊಳೆಯದೆ, ಒಣಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಬಾಡುವುದಿಲ್ಲ. ಚಟ್ನಿಪುಡಿ ಡಬ್ಬಿಯಲ್ಲಿರಲಿ. ರಾತ್ರಿ ಹೆಸರುಕಾಳು ನೆನೆಹಾಕಿದರೆ ಬೆಳಗ್ಗೆ ಬಟ್ಟೆಯಲ್ಲಿ ಕಟ್ಟಿ, ಸಂಜೆಗೆ ಮೊಳಕೆ. ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಮೊಳಕೆಕಾಳನ್ನು ಬೇಯಿಸಿಯೇ ಕೊಡಿ, ಹಸಿಯಾಗಿ ಬೇಡ.

ಆದರೂ ಉಳಿದರೆ ಕೋಸಂಬರಿಯನ್ನು ಹಿಂಡಿ ಅಕ್ಕಿರೊಟ್ಟಿಯ ಹಿಟ್ಟಿಗೆ ಕಲಸಿ, ಬಿಟ್ಟ ನೀರನ್ನೂ ಅದಕ್ಕೇ ಹಾಕಿ. ಸೊಪ್ಪಿನ ಪಲ್ಯ ರಾಗಿರೊಟ್ಟಿಗೆ ಸೇರಲಿ. ಮೊಸರು ಹಾಕದ ಸುಟ್ಟ ಬದನೆಯ ಗೊಜ್ಜನ್ನು ಫ್ರಿಜ್ಜಿನಲ್ಲಿಟ್ಟರೆ ಮರುದಿನ ಇನ್ನೂ ರುಚಿ, ಆದ್ದರಿಂದ ಬದನೆ ಸುಡುವ ದಿನ ಒಂದು ಕಾಯಿ ಹೆಚ್ಚಿಗೆ ಸುಡಿ. ತಂಬುಳಿ ಮಿಕ್ಕರೆ ಇನ್ನೊಂದು ಸೌಟು ಮಜ್ಜಿಗೆ ಬೆರೆಸಿ ಊಟದ ಕೊನೆಗೆ ಲೋಟಕ್ಕೆ ಬಗ್ಗಿಸಿ ಕುಡಿದುಬಿಡಿ. ನಮ್ಮ ಕಡೆ ಹಾಗೆ ಕುಡಿಯುವುದಕ್ಕೆಂದೇ ಒಂದು ಲೋಟ ಹೆಚ್ಚು ಮಾಡುತ್ತಾರೆ.